ಬೂದಿ ಹಚ್ಚಿದ ಹೆಬ್ಬೆರಳು

ನನ್ನ ಬಲಗೈ ಹೆಬ್ಬೆರಳಿಗೆ ಗೆರೆಗಳಿಲ್ಲ. ರೇಷನ್ ಅಂಗಡಿಯ ಯಂತ್ರದ ಮೇಲೆ ಇಟ್ಟರೆ ನಾನು ನಾನಲ್ಲ ಎನ್ನುತ್ತದೆ. ಅಂಗಡಿಯವನು ಒರೆಸಿ ಇಡು ಎನ್ನುತ್ತಾನೆ, ಒತ್ತಿ ಇಡು ಎನ್ನುತ್ತಾನೆ, ಬೇರೆ ಬೆರಳು ಇಡು ಎನ್ನುತ್ತಾನೆ. ಹಿಂದೆ ನಿಂತವರು ಗೊಣಗುತ್ತಾರೆ. ಈ ಹೆಬ್ಬೆರಳಿನಿಂದ ಒಬ್ಬ ಹೆಂಗಸಿನ ಕೆಲಸ ಹೋಯಿತು, ಹೆಸರೂ ಕೆಟ್ಟಿತು. ಅದನ್ನು ಬರೆಯಲು ಕೂತಿದ್ದೇನೆ. ನಾಲ್ಕನೇ ಇಯತ್ತೆ ಮುಗಿಸುವ ಮೊದಲೇ ಸಾಲಿ ಬಿಟ್ಟವಳು ನಾನು. ಅಕ್ಷರ ತಪ್ಪಿದ್ದರೆ ತಿದ್ದಿ ಓದಿಕೊಳ್ಳಿ. ಮಾತು ತಪ್ಪಿಲ್ಲ.

ನನ್ನ ಕೆಲಸ ಬನಹಟ್ಟಿಯಲ್ಲಿ ಹಾಸು ಕೆಚ್ಚುವುದು. ಮಗ್ಗದ ಮೇಲೆ ಒಂದು ಹಾಸು, ಎಂದರೆ ಉದ್ದಕ್ಕೆ ಹಾಸಿದ ನೂಲು, ನೇಯ್ದು ಮುಗಿದಾಗ, ಉಳಿದ ಹಳೆ ಎಳೆಗಳ ತುದಿಗೆ ಹೊಸ ಎಳೆಗಳ ತುದಿ ಸೇರಿಸಿ ಹೊಸೆಯಬೇಕು. ಗಂಟು ಹಾಕುವ ಹಾಗಿಲ್ಲ. ಗಂಟಾದರೆ ಮಗ್ಗದ ಹಣಿಗೆಯಲ್ಲಿ ಸಿಕ್ಕುತ್ತದೆ. ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಒಂದೇ ಸಲ ತಿರುವಿ ಬಿಡಬೇಕು. ಸೀರೆಯ ಅಗಲಕ್ಕೆ ಎಷ್ಟು ಎಳೆ ಇರುತ್ತವೆಯೋ ಅಷ್ಟೂ ಎಳೆಗೆ ಅಷ್ಟೂ ಸಲ. ಹೊಸೆಯುತ್ತ ಹೊಸೆಯುತ್ತ ಬೆರಳು ನುಣ್ಣಗಾಗುತ್ತದೆ, ನುಣ್ಣಗಾದ ಬೆರಳಿನಿಂದ ಎಳೆ ಜಾರುತ್ತದೆ. ಅದಕ್ಕೆ ಬೂದಿ. ಸೆಗಣಿ ಕುಳ್ಳಿನ ಬೂದಿಯನ್ನು ಹಳೆ ಸೀರೆಯ ತುಂಡಿನಲ್ಲಿ ಸೋಸಿ, ಸುಣ್ಣದ ಡಬ್ಬಿಯಲ್ಲಿ ತುಂಬಿ, ಸೊಂಟದ ಸಂಚಿಯಲ್ಲಿ ಇಟ್ಟುಕೊಳ್ಳುತ್ತಿದ್ದೆ. ಐದು ಎಳೆಗೊಮ್ಮೆ ಬೆರಳು ಬೂದಿಗೆ ಹೋಗಿ ಬರುತ್ತಿತ್ತು. ನನಗೆ ಗೊತ್ತಾಗದೆಯೇ ಹೋಗಿ ಬರುತ್ತಿತ್ತು. ಮದುವೆಯ ಮನೆಯಲ್ಲಿ ಊಟಕ್ಕೆ ಕೂತಾಗಲೂ ಒಮ್ಮೆ ಸಂಚಿಗೆ ಕೈ ಹಾಕಿ ಬೈಸಿಕೊಂಡಿದ್ದೇನೆ.

ಆಮೇಲೆ ಎಳೆ ಕೂಡಿಸುವ ಯಂತ್ರ ಬಂತು. ನಾನು ಎರಡು ದಿನ ಮಾಡುವುದನ್ನು ಅದು ಒಂದು ಊಟದ ಹೊತ್ತಿನಲ್ಲಿ ಮಾಡುತ್ತದೆ. ಯಾರನ್ನೂ ಬೈಯಲಿಲ್ಲ. ಯಂತ್ರ ನನಗಿಂತ ಛಲೋ ಮಾಡುತ್ತಿತ್ತು, ಅಷ್ಟೇ. ನಮ್ಮ ಓಣಿಯವರೊಬ್ಬರು ಜಮಖಂಡಿಯಲ್ಲಿ ಹಲ್ಲು ಮಾಡುವ ಲ್ಯಾಬ್ ಇದೆ, ಕೈ ಸಣ್ಣ ಕೆಲಸಕ್ಕೆ ಒಗ್ಗಿದವರು ಬೇಕಂತೆ ಎಂದರು. ಆಗ ನನಗೆ ಅರವತ್ತು ದಾಟಿತ್ತು. ಬಸ್ಸು ಹತ್ತಿ ಹೋದೆ.

ಲ್ಯಾಬ್ ಎಂದರೆ ಎರಡು ಖೋಲಿ. ಸುತ್ತಲಿನ ಊರುಗಳ ಹಲ್ಲಿನ ಡಾಕ್ಟರರು ರೋಗಿಗಳ ಬಾಯಿಯ ಅಚ್ಚು ಕಳಿಸುತ್ತಾರೆ. ಇಲ್ಲಿ ಲೋಹ ಕರಗಿಸಿ ಹೊಯ್ದು, ಮೇಲೆ ಹಲ್ಲಿನ ಬಣ್ಣ ಕೂಡಿಸಿ ವಾಪಸ್ ಕಳಿಸುತ್ತಾರೆ. ಮಾಲಕ ನನ್ನ ಮಗನ ವಯಸ್ಸಿನವನು. ಮೊದಲು ನನ್ನ ಕೈ ನೋಡಿದ, ಆಮೇಲೆ ಮುಖ.

"ಆಯಿ, ಕಣ್ಣ ಕಾಣತಾವಿಲ್ಲೋ?"

"ದೂರಿಂದು ಕಾಣೂದಿಲ್ರಿ. ಕೈಯಾಗಿಂದು ಕಾಣತೈತಿ."

"ನಮ್ಮಲ್ಲಿ ಎಲ್ಲಾ ಕೈಯಾಗಿಂದ. ನಾಳಿಂದ ಬಾ."

ನನಗೆ ಕೊಟ್ಟದ್ದು ಉಸುಕು ಹೊಡೆಯುವ ಕೆಲಸ. ಗಾಜಿನ ಮುಚ್ಚಳದ ಒಂದು ಪೆಟ್ಟಿಗೆ. ಎರಡು ತೂತು, ತೂತಿಗೆ ಬಟ್ಟೆಯ ತೋಳು. ಅದರಲ್ಲಿ ಕೈ ಹಾಕಿ, ಒಂದು ಕೈಯಲ್ಲಿ ಲೋಹದ ಹಲ್ಲು, ಇನ್ನೊಂದರಲ್ಲಿ ಪೆನ್ನಿನಂಥ ನಳಿಗೆ ಹಿಡಿಯಬೇಕು. ಕಾಲಿನಿಂದ ಪೆಡಲ್ ಒತ್ತಿದರೆ ಗಾಳಿಯ ಜೊತೆ ಬಿಳಿ ಉಸುಕು ಹಾರಿ ಲೋಹಕ್ಕೆ ಬಡಿಯುತ್ತದೆ. ನಮ್ಮ ಹೊಳೆಯ ಉಸುಕಲ್ಲ ಅದು. ರವೆಗಿಂತ ಸಣ್ಣ, ವಜ್ರದ ಹಾಗೆ ಗಟ್ಟಿ. ಕನ್ನಡಿಯ ಹಾಗೆ ಹೊಳೆಯುತ್ತಿದ್ದ ಲೋಹ ನೋಡುತ್ತಿದ್ದಂತೆ ಬೂದು ಬಣ್ಣಕ್ಕೆ ತಿರುಗುತ್ತದೆ. ಉಗುರಿಗೆ ಬಡಿದರೆ ಸೂಜಿ ಚುಚ್ಚಿದ ಹಾಗೆ. ಮೂರು ತಿಂಗಳಲ್ಲಿ ನನ್ನ ಬೆರಳಿನಲ್ಲಿ ಉಳಿದಿದ್ದ ಒಂದೆರಡು ಗೆರೆಯನ್ನೂ ಅದು ತಿಂದಿತು.

ಇಡೀ ಹಲ್ಲಿಗೆ ಟೊಪ್ಪಿಗೆಯ ಹಾಗೆ ಕೂರುವ ಕವಚಗಳಿಗೆ ಹೆಚ್ಚು ಜೋಪಾನ ಬೇಕಿರಲಿಲ್ಲ. ಟೊಪ್ಪಿಗೆ ತನ್ನ ಆಕಾರದಿಂದಲೇ ತಲೆ ಹಿಡಿಯುತ್ತದೆ. ಜೋಪಾನ ಬೇಕಾಗಿದ್ದು ರೆಕ್ಕೆಯ ಹಲ್ಲಿಗೆ. ಮುಂದಿನ ಒಂದೇ ಹಲ್ಲು ಹೋದವರಿಗೆ ಅದನ್ನು ಮಾಡುತ್ತಾರೆ. ನಡುವೆ ಒಂದು ಹಲ್ಲು, ಎಡಬಲಕ್ಕೆ ತಗಡಿನಂಥ ಎರಡು ರೆಕ್ಕೆ. ರೆಕ್ಕೆಗಳನ್ನು ಅಕ್ಕಪಕ್ಕದ ಹಲ್ಲಿನ ಬೆನ್ನಿಗೆ ಅಂಟಿಸುತ್ತಾರೆ. ಒಳ್ಳೆಯ ಹಲ್ಲನ್ನು ತಿಕ್ಕಿ ಸಣ್ಣ ಮಾಡಬೇಕಿಲ್ಲ, ಅದೇ ಅದರ ಲಾಭ. ಆದರೆ ಹಿಡಿದುಕೊಳ್ಳಲು ಅಂಟು ಬಿಟ್ಟರೆ ಬೇರೆ ಏನೂ ಇಲ್ಲ. ಆ ಅಂಟಿಗೆ ರೆಸಿನ್ ಎನ್ನುತ್ತಿದ್ದರು. ಮಾಲಕ ಚಹಾ ಕುಡಿಯುತ್ತ ಒಂದು ದಿನ ಬಿಡಿಸಿ ಹೇಳಿದ.

"ನುಣ್ಣಗಿದ್ದ ಲೋಹಕ್ಕ ರೆಸಿನ್ ಹಿಡಿಯಂಗಿಲ್ಲ ಆಯಿ. ಮೊದಲ ರೆಕ್ಕಿಗೆ ತೂತು ಹಾಕತಿದ್ರು, ಅಂಟು ತೂತಿನ್ಯಾಗ ಹೊಕ್ಕು ಕುಂದರತಿತ್ತು. ಆಮ್ಯಾಲ ಆಸಿಡ್‌ನ್ಯಾಗ ಇಟ್ಟು ಕರೆಂಟ್ ಬಿಟ್ಟು ತಿನ್ನಸ್ತಿದ್ರು. ಲೋಹ ಹೊಯ್ಯೂಕಿಂತ ಮೊದಲ ಮ್ಯಾಣದ ಅಚ್ಚಿನ್ಯಾಗ ಉಪ್ಪಿನ ಹರಳ ಒತ್ತಿ, ಉಪ್ಪು ಕರಗಿಸಿ ಕುಣಿ ಮಾಡೂದೂ ಇತ್ತು. ಈಗ ಉಸುಕು ಹೊಡದು, ಮ್ಯಾಲ ಅಂಟು ಹಿಡಿಯಾಕ ಒಂದು ಹನಿ ಪ್ರೈಮರ್ ಹಚ್ಚಿದ್ರ ಆತು."

"ಸವದ ಬೀಸುಕಲ್ಲಿಗೆ ಉಳಿಲೆ ಚುಕ್ಕಿ ಹೊಡದಂಗ ಅನ್ರಿ."

"ಹಂಗ ತಿಳಿ. ಆದ್ರ ಒಂದ ಮಾತು. ಉಸುಕು ಹೊಡದಮ್ಯಾಲ ಆ ಜಾಗಾ ಮುಟ್ಟಬ್ಯಾಡ. ಕೈಯಾಗಿನ ಎಣ್ಣಿ ಹತ್ತಿದ್ರ ಹೋತು. ಚಿಮಟಲೇ ಹಿಡಿ."

ಚಿಮಟದಿಂದ ಹಿಡಿದೆ. ಎರಡನೇ ವಾರ ಒಂದು ರೆಕ್ಕೆಯ ಹಲ್ಲು ಚಿಮಟದಿಂದ ಜಾರಿ ನೆಲದ ಫರ್ಸಿ ಕಲ್ಲಿನ ಮೇಲೆ ಬಿತ್ತು, ರೆಕ್ಕೆ ಬಾಗಿತು. ಮಾಲಕ ಬೈಯಲಿಲ್ಲ, ಸುಮ್ಮನೆ ಮತ್ತೆ ಮೊದಲಿನಿಂದ ಮಾಡಿದ. ಬೈದಿದ್ದರೆ ಛಲೋ ಇತ್ತು. ಅಂದಿನಿಂದ ಚಿಮಟ ಬಿಟ್ಟೆ. ನನಗೆ ಚಿಮಟಕ್ಕಿಂತ ನನ್ನ ಬೆರಳಿನ ಮೇಲೆ ನಂಬಿಕೆ. ಆದರೆ ಬೆರಳು ನುಣುಪು, ಲೋಹ ಸಣ್ಣದು. ಆಗ ಬೆರಳು ತಾನೇ ಸಂಚಿಗೆ ಹೋಯಿತು.

ತಿಳಿಯದೆ ಮಾಡಿದೆ ಎಂದು ಹೇಳುವುದಿಲ್ಲ. ಯೋಚನೆ ಮಾಡಿಯೇ ಮಾಡಿದೆ. ಕೈಯ ಎಣ್ಣೆ ಹತ್ತಬಾರದು ಎಂದಿದ್ದ. ಎಣ್ಣೆ ಜಿಡ್ಡನ್ನು ಬಿಡಿಸುವುದು ಬೂದಿಯೇ ತಾನೆ? ನಮ್ಮ ಮನೆಗಳಲ್ಲಿ ತುಪ್ಪದ ಗಿಂಡಿಯನ್ನು ಬೂದಿ ಹಾಕಿಯೇ ತಿಕ್ಕುತ್ತೇವೆ. ಹಣೆಗೆ ಹಚ್ಚುತ್ತೇವೆ, ಕೂಸಿನ ಹೊಕ್ಕಳಿಗೆ ಹಾಕುತ್ತೇವೆ. ಬೂದಿ ಹೊಲಸಲ್ಲ. ಬರಿಗೈಗಿಂತ ಬೂದಿ ಕೈ ಮೇಲು ಎಂದುಕೊಂಡೆ. ಮುಗಿದ ಮೇಲೆ ಬಾಯಿಯಿಂದ ಒಮ್ಮೆ ಊದುತ್ತಿದ್ದೆ, ಕಣ್ಣಿಗೆ ಏನೂ ಕಾಣುತ್ತಿರಲಿಲ್ಲ. ಮಾಲಕ ಅದನ್ನು ಹಬೆಯ ಯಂತ್ರದಲ್ಲಿ ತೊಳೆದು, ಪ್ರೈಮರ್ ಹಚ್ಚಿ, ಪುಟ್ಟ ಚೀಲದಲ್ಲಿ ಕಟ್ಟುತ್ತಿದ್ದ. ಒಂದು ವರ್ಷ ಯಾವ ಹಲ್ಲೂ ತಿರುಗಿ ಬರಲಿಲ್ಲ.

ಬುಧವಾರ ಬುಧವಾರ ನಾನೇ ಮುಧೋಳದ ಒಂದು ಹಲ್ಲಿನ ದವಾಖಾನೆಗೆ ಸಾಮಾನು ಒಯ್ದು ಕೊಡುತ್ತಿದ್ದೆ. ಅಲ್ಲಿ ಡಾಕ್ಟರ ಕೈ ಕೆಳಗೆ ಒಬ್ಬ ಸಿಸ್ಟರ್ ಇದ್ದಳು. ಬೀಳಗಿ ಕಡೆಯವಳು, ನಲವತ್ತರ ಸುಮಾರು, ಗಂಡ ತೀರಿಕೊಂಡಿದ್ದ. ಮನೆಯಲ್ಲಿ ಲಕ್ವಾ ಹೊಡೆದು ಮಲಗಿದ ಅತ್ತೆ. ಬೆಳಿಗ್ಗೆ ಅತ್ತೆಗೆ ಉಣಿಸಿ, ತೊಳೆದು, ಬಸ್ಸು ಹಿಡಿದು ಬಂದು ಸಂಜೆಗೆ ವಾಪಸ್ಸು. ಆ ಕೆಲಸದ ಮೇಲೆ ಎರಡು ಜೀವ ನಿಂತಿದ್ದವು. ಕೆಲಸ ಕಲಿತದ್ದೂ ಅಲ್ಲಿಯೇ, ಯಾವ ಸರ್ಟಿಫಿಕೇಟೂ ಇಲ್ಲ. ಹೆಸರೊಂದೇ ಇತ್ತು: ಆಕೆ ಇಟ್ಟ ಹತ್ತಿ ದಾಟಿ ಉಗುಳು ಹೋಗುವುದಿಲ್ಲ ಎಂದು.

ಅದು ಸಣ್ಣ ಕೆಲಸವಲ್ಲ. ಅಂಟಿಸುವಾಗ ಹಲ್ಲು ಒಣಗಿರಬೇಕು. ಕೆನ್ನೆಯ ಒಳಗೆ, ನಾಲಿಗೆಯ ಕೆಳಗೆ ಹತ್ತಿಯ ಸುರುಳಿ ಇಟ್ಟು, ಒದ್ದೆಯಾಗುವ ಮೊದಲೇ ಬದಲಿಸುತ್ತಿರಬೇಕು. ಆಕೆ ಸುರುಳಿಗಳನ್ನು ತಾನೇ ಸುತ್ತುತ್ತಿದ್ದಳು. ನಾನು ಹೋದಾಗ ಚಹಾ ತರಿಸಿ, ಸುತ್ತುತ್ತಲೇ ಮಾತಾಡುತ್ತಿದ್ದಳು.

"ಆಯಿ, ನೀ ಎಳಿ ಹೊಸದಾಕಿ, ನಾ ಹತ್ತಿ ಸುತ್ತಾಕಿ. ಇಬ್ಬರ ಹೊಟ್ಟೀನೂ ಹತ್ತಿನ ತುಂಬಸೈತಿ ನೋಡು."

"ನನ್ನ ಬಿಟ್ಟೈತಿ. ನಿನ್ನ ಇನ್ನೂ ಹಿಡದೈತಿ."

"ನನ್ನ ಎಲ್ಲಿ ಬಿಡತೈತಿ. ಡಾಕ್ಟ್ರು ಹಲ್ಲಷ್ಟ ನೋಡ್ತಾರ. ಉಗುಳಿನ ಹಾದಿ ಅವ್ರಿಗೇನ ಗೊತ್ತು? ಕೆಲವೊಬ್ರಿಗೆ ನಾಲಗಿ ಬುಡಕ ಬಾವಿ ಇರತೈತಿ, ಹೆದರಿದ್ರ ತುಂಬಿ ಬರತೈತಿ. ನಾ ಮಾರಿ ನೋಡಿ ಹೇಳ್ತೀನಿ, ಇವಂಗ ಎರಡು ಸುರುಳಿ, ಅವಂಗ ನಾಕು ಅಂತ."

"ನನಗ ಎಷ್ಟ ಇಡ್ತಿ?"

"ನಿನಗ ಒಂದೂ ಬ್ಯಾಡ ಬಿಡು. ಹೆದರೂದೂ ಇಲ್ಲ, ಹಲ್ಲೂ ಇಲ್ಲ."

ಆ ಮಳೆಗಾಲದಲ್ಲಿ ಲ್ಯಾಬಿನ ಹಬೆ ಯಂತ್ರ ಕೆಟ್ಟಿತು. ಮಾಲಕ ನಾಳೆ ಮಾಡಿಸುತ್ತೇನೆ, ನಾಡಿದ್ದು ಮಾಡಿಸುತ್ತೇನೆ ಎಂದ. ಅಲ್ಲಿಯ ತನಕ ಗಾಳಿ ಹೊಡೆದು ಪ್ರೈಮರ್ ಹಚ್ಚಿದರೆ ಸಾಕು ಎಂದ. ನಾನು ಬಾಯಿಯಿಂದ ಊದಿದೆ, ಅವನು ಗಾಳಿ ಹೊಡೆದ. ಬೂದಿ ಎಲ್ಲಿ ಹೋಗಬೇಕು? ಉಸುಕು ಕೊರೆದ ಕುಣಿಗಳಲ್ಲಿ ಕೂತುಕೊಂಡಿತು.

ದಸರೆಯ ಹೊತ್ತಿಗೆ ಮುಧೋಳದಲ್ಲಿ ಒಬ್ಬ ಮಾಸ್ತರಿಣಿಯ ರೆಕ್ಕೆಯ ಹಲ್ಲು ಕಳಚಿ ಬಂತು. ಮಕ್ಕಳಿಗೆ ಪಾಠ ಹೇಳುವಾಗ ಹಲ್ಲು ಮೇಜಿನ ಮೇಲೆ ಬಿತ್ತಂತೆ. ಡಾಕ್ಟರರು ಮತ್ತೆ ಅಂಟಿಸಿದರು. ದೀಪಾವಳಿಯ ನಂತರ ಇನ್ನೊಂದು ಕಳಚಿತು. ಆ ಬುಧವಾರ ಹೋದಾಗ ಸಿಸ್ಟರ್ ಚಹಾ ತರಿಸಲಿಲ್ಲ.

"ನನ್ನ ಹತ್ತಿ ಒದ್ದಿ ಆಗಿದ್ದಿಲ್ಲ ಆಯಿ," ಎಂದಳು. "ಡಾಕ್ಟ್ರು ಉಗುಳು ಸೇರೇತಿ ಅಂತಾರ. ನಾ ನೋಡೀನಿ, ಸೇರಿಲ್ಲ."

"ಡಾಕ್ಟ್ರ ಮುಂದ ಹೇಳಬೇಕಿಲ್ಲ?"

"ಹೇಳಿದೆ. ನಕ್ರು."

ನಾನು ಸಾಮಾನು ಕೊಟ್ಟು ಬಂದೆ. ನನ್ನ ಬೆರಳಿಗೂ ಅದಕ್ಕೂ ಸಂಬಂಧವಿದೆ ಎಂದು ಆಗ ಹೊಳೆದಿರಲಿಲ್ಲ.

ಮೂರನೆಯದು ಸಾವಳಗಿಯ ಒಬ್ಬ ಟ್ರ್ಯಾಕ್ಟರ್ ಡ್ರೈವರ್‌ನದು. ರೊಟ್ಟಿ ತಿನ್ನುವಾಗ ಕಳಚಿತು. ಕೆಮ್ಮು ಬಂತು, ಕೆಮ್ಮಿನ ಜೊತೆ ಅದು ಹೊರಗೆ ಬರುವ ಬದಲು ಉಸಿರಿನ ಕೊಳವೆಗೆ ಹೋಯಿತು. ಬಾಗಲಕೋಟೆಗೆ ಒಯ್ದು ನಳಿಗೆ ಇಳಿಸಿ ತೆಗೆದರು. ಅಷ್ಟರಲ್ಲಿ ಎದೆಯಲ್ಲಿ ಕೀವು ತುಂಬಿತ್ತು. ಬದುಕಿದ. ಆದರೆ ಟ್ರ್ಯಾಕ್ಟರ್ ಹತ್ತಲು ಆಗುತ್ತಿಲ್ಲ, ಓಣಿ ದಾಟುವುದರೊಳಗೆ ಕೂತುಬಿಡುತ್ತಾನೆ ಎಂದು ಕೇಳಿದ್ದೇನೆ. ಅವನನ್ನು ನಾನು ನೋಡಿಲ್ಲ. ನೋಡಲು ಹೋಗಬೇಕಿತ್ತು, ಹೋಗಲಿಲ್ಲ.

ಅವನ ಅಣ್ಣ ಊರಿನ ಮಂದಿಯನ್ನು ಕಟ್ಟಿಕೊಂಡು ದವಾಖಾನೆಯ ಬಾಗಿಲಿಗೆ ಬಂದ. ಯಾರದು ತಪ್ಪು, ತೋರಿಸಿರಿ ಎಂದ. ಡಾಕ್ಟರರು ಸಿಸ್ಟರನ್ನು ತೋರಿಸಿದರು. ಹತ್ತಿ ಸರಿಯಾಗಿ ಇಟ್ಟಿಲ್ಲ, ಉಗುಳು ಸೇರಿ ಅಂಟು ಕೆಟ್ಟಿತು, ಇವತ್ತಿನಿಂದ ಇವಳು ಇಲ್ಲಿ ಇಲ್ಲ ಎಂದರು. ಆಕೆ ಅವರೆಲ್ಲರ ನಡುವೆ ಚೀಲ ತೆಗೆದುಕೊಂಡು ನಡೆದು ಹೋದಳಂತೆ. ಹಿಂದಿನಿಂದ ಯಾರೋ "ಉಗುಳ ಸಿಸ್ಟರ್" ಎಂದು ಕೂಗಿದರಂತೆ. ಆ ಹೆಸರು ಆಕೆಗಿಂತ ಮೊದಲೇ ಬೀಳಗಿ ಮುಟ್ಟಿತು.

ಬುಧವಾರ ಹೋದಾಗ ಆಕೆಯ ಕುರ್ಚಿಯಲ್ಲಿ ಬೇರೆ ಹೆಂಗಸು ಕೂತಿದ್ದಳು. ಅಂಗಡಿಯಿಂದ ತಂದ ಹತ್ತಿ ಸುರುಳಿಯ ಪಾಕೀಟು ಒಡೆಯುತ್ತಿದ್ದಳು. ಇಷ್ಟೆಲ್ಲ ಹೇಳಿದ್ದು ಅವಳೇ. ಹೇಳಿ ಒಂದು ಚಿಕ್ಕ ಚೀಲ ಕೊಟ್ಟಳು. ಡ್ರೈವರ್‌ನ ಎದೆಯಿಂದ ತೆಗೆದ ಹಲ್ಲು. ಲ್ಯಾಬಿಗೆ ತೋರಿಸಲು ಡಾಕ್ಟರರು ಕಳಿಸಿದ್ದರು.

ಮಾಲಕ ಅದನ್ನು ಭೂತಗನ್ನಡಿಯ ಕೆಳಗೆ ಇಟ್ಟು ಬಹಳ ಹೊತ್ತು ನೋಡಿದ. ಆಮೇಲೆ ನನ್ನನ್ನು ಕರೆದ.

"ನೋಡ ಆಯಿ. ರೆಕ್ಕಿ ಮ್ಯಾಲ ಒಂದ ಚೂರೂ ಅಂಟಿಲ್ಲ."

"ಇಲ್ರಿ. ತೊಳದ ಇಟ್ಟಂಗೈತಿ."

"ಅಂದ್ರ ಅಂಟು ಹಲ್ಲಿನ ಬೆನ್ನಿಗೆ ಉಳದೈತಿ. ಉಗುಳು ಸೇರಿದ್ರ ಉಲ್ಟಾ ಆಗತಿತ್ತು. ಹಲ್ಲು ಬಿಟ್ಟು ಅಂಟು ರೆಕ್ಕಿ ಕೂಡ ಬರತಿತ್ತು."

ನನಗೆ ಅರ್ಥವಾಗಲು ಸ್ವಲ್ಪ ಹೊತ್ತು ಹಿಡಿಯಿತು. ಕೆಚ್ಚಿದ ಎಳೆ ಬಿಟ್ಟರೆ ನಾವೂ ಹಾಗೆಯೇ ನೋಡುತ್ತೇವೆ. ಬಿಟ್ಟದ್ದು ಹಳೆ ಎಳೆಯೋ ಹೊಸ ಎಳೆಯೋ ತುದಿ ನೋಡಿದರೆ ತಿಳಿಯುತ್ತದೆ.

"ಹಂಗಾದ್ರ ಆ ಸಿಸ್ಟರ್ ತಪ್ಪಿಲ್ಲ."

"ಆಕಿದಲ್ಲ."

"ಡಾಕ್ಟ್ರಿಗೆ ಹೇಳ್ರಿ ಮತ್ತ."

"ಹೇಳಿದ್ರ ತಪ್ಪು ಯಾರ ಮನಿಗೆ ಬರತೈತಿ?" ಎಂದು ಮಾಲಕ ಕನ್ನಡಿ ಮಡಚಿದ.

ಅವನು ಉಸುಕನ್ನೆಲ್ಲ ಬದಲಿಸಿದ. ಗಾಳಿಯಲ್ಲಿ ಎಣ್ಣೆ ಬರುತ್ತಿದೆಯೇನೋ ಎಂದು ಕಂಪ್ರೆಸರ್ ಬಿಚ್ಚಿ ಒರೆಸಿದ. ಹಬೆಯ ಯಂತ್ರವನ್ನೂ ಆಗ ಮಾಡಿಸಿದ. ನಾನು ಪೆಟ್ಟಿಗೆಯ ಮುಂದೆ ಕೂತು ನನ್ನ ಕೈ ನೋಡಿಕೊಂಡೆ. ಬೆರಳ ತುದಿ ಬೂದಿ ಬಣ್ಣದಲ್ಲಿತ್ತು. ಉಸುಕು ಹೊಡೆದ ಲೋಹದ ಬಣ್ಣವೂ ಅದೇ. ಅದಕ್ಕೇ ಇಷ್ಟು ದಿನ ಕಣ್ಣಿಗೆ ಬಿದ್ದಿರಲಿಲ್ಲ.

ಮರುದಿನ ಮಧ್ಯಾಹ್ನ ಮಾಲಕ ಊಟಕ್ಕೆ ಮನೆಗೆ ಹೋದಾಗ, ಕತ್ತರಿಸಿ ಒಗೆದ ಲೋಹದ ತುಂಡುಗಳಲ್ಲಿ ಎರಡನ್ನು ಆರಿಸಿದೆ. ಎರಡಕ್ಕೂ ಉಸುಕು ಹೊಡೆದೆ. ಒಂದನ್ನು ಚಿಮಟದಿಂದ ಹಿಡಿದೆ, ಇನ್ನೊಂದನ್ನು ಬೂದಿ ಕೈಯಿಂದ ಹಿಡಿದು ಬಾಯಿಯಿಂದ ಊದಿದೆ. ಎರಡಕ್ಕೂ ಗಾಳಿ, ಎರಡಕ್ಕೂ ಪ್ರೈಮರ್. ಎರಡು ಟ್ಯೂಬಿನ ಅಂಟನ್ನು ಅವನು ಕಲಸುವ ಹಾಗೆಯೇ ಕಲಸಿ ಜೋಳದ ಕಾಳಿನಷ್ಟು ಇಟ್ಟೆ. ಗಟ್ಟಿಯಾಗುವ ತನಕ ನನ್ನ ರೊಟ್ಟಿ ತಿಂದೆ. ಆಮೇಲೆ ಎರಡನ್ನೂ ನೀರಿನ ಲೋಟದಲ್ಲಿ ಹಾಕಿ, ಕಪಾಟಿನ ಹಿಂದೆ ನಾಲ್ಕು ದಿನ ಇಟ್ಟೆ. ಬಾಯಿಯಲ್ಲಿ ನೀರು ಇರುತ್ತದಲ್ಲ, ಅದಕ್ಕೆ.

ನಾಲ್ಕನೇ ದಿನ ಅದೇ ಹೊತ್ತಿಗೆ ತೆಗೆದೆ. ಬೂದಿಯದು ಉಗುರು ಹಾಕಿದ ಕೂಡಲೇ ಎದ್ದು ಬಂತು, ಅವರೆಕಾಯಿಯಿಂದ ಕಾಳು ಎದ್ದ ಹಾಗೆ. ಇನ್ನೊಂದಕ್ಕೆ ಚಾಕು ಹಾಕಿದೆ. ಚಾಕುವಿನ ತುದಿ ಮುರಿಯಿತು. ಅಂಟು ಅಲುಗಲಿಲ್ಲ.

ಹೆದರಿ ಸುಮ್ಮನಿದ್ದೆ ಎಂದು ಬರೆದರೆ ಓದುವವರಿಗೆ ಮರುಕ ಬರುತ್ತದೆ. ಹೆದರಿರಲಿಲ್ಲ. ಕೆಲಸ ಬೇಕಾಗಿತ್ತು. ಸಿಸ್ಟರಿಗೂ ಬೇಕಾಗಿತ್ತು ಎಂಬುದು ಗೊತ್ತಿತ್ತು. ಆದರೂ ಎರಡು ವಾರ ಆ ತುಂಡುಗಳನ್ನು ಸಂಚಿಯಲ್ಲಿಟ್ಟುಕೊಂಡು ಓಡಾಡಿದೆ. ಚಿಮಟದಿಂದ ಹಿಡಿದೆ, ಉಸುಕು ಹೊಡೆದೆ, ಪಗಾರ ತೆಗೆದುಕೊಂಡೆ. ಮೂರನೇ ವಾರ ಬಸ್ಸಿನಲ್ಲಿ ಇಬ್ಬರು ಹೆಂಗಸರು ಮಾತಾಡುತ್ತಿದ್ದರು. ಒಬ್ಬಳು ಹಲ್ಲು ಕೀಳಿಸಲು ಮುಧೋಳಕ್ಕೆ ಹೋಗಬೇಕು ಎಂದಳು. "ಆ ಉಗುಳ ಸಿಸ್ಟರ್ ಹ್ವಾದಳಲ್ಲ, ಈಗ ಹೋಗು, ಅಡ್ಡಿಯಿಲ್ಲ," ಎಂದಳು ಇನ್ನೊಬ್ಬಳು. ಇಬ್ಬರೂ ನಕ್ಕರು. ನಾನು ಆ ದಿನ ಮಾಲಕನಿಗೆ ಹೇಳಿದೆ.

ಅವನು ತುಂಡುಗಳನ್ನು ನೋಡಿದ, ಡಬ್ಬಿ ತೆಗೆಸಿ ನೋಡಿದ. ಬೂದಿಯನ್ನು ಬೆರಳಿನಲ್ಲಿ ಮುಟ್ಟಿ ಮೂಸಿದ.

"ಒಂದೂವರೆ ವರ್ಷ ಇದನ್ನ ಮಾಡೀದಿ?"

"ಹೌದ್ರಿ."

"ಹಬಿ ಇದ್ದಾಗ ತೊಳದು ಹೋಗೇತಿ. ನಾನರ ಆ ಮಷಿನ್ ಮಾಡಸ್ಲಿಲ್ಲ," ಎಂದು ತಲೆ ಹಿಡಿದುಕೊಂಡ. ಆಮೇಲೆ ದನಿ ಬದಲಾಯಿತು. "ಇದ ಇಲ್ಲೇ ಮುಗೀಲಿ ಆಯಿ. ನೀ ಯಾರ ಮುಂದೂ ಬಾಯಿ ಬಿಡಬ್ಯಾಡ. ನಾಳಿಂದ ಪ್ಲಾಸ್ಟರ್ ಕೆಲಸಾ ಮಾಡು. ಉಸುಕು ನಾ ಹೊಡೀತೀನಿ."

"ಆಕಿ?"

"ಆಕಿಗೆ ಬ್ಯಾರೆ ಕಡೆ ಸಿಗತೈತಿ."

"ಎಲ್ಲಿ ಸಿಗತೈತ್ರಿ, ಆ ಹೆಸರ ಹೊತ್ತಾಕಿಗೆ?"

ಬುಧವಾರ ಸಾಮಾನಿನ ಜೊತೆ ಆ ಎರಡು ತುಂಡುಗಳನ್ನೂ ಮುಧೋಳಕ್ಕೆ ಒಯ್ದೆ. ರೋಗಿಗಳೆಲ್ಲ ಹೋಗುವ ತನಕ ಬೆಂಚಿನ ಮೇಲೆ ಕೂತೆ. ಆಮೇಲೆ ಡಾಕ್ಟರ ಮೇಜಿನ ಮೇಲೆ ತುಂಡುಗಳನ್ನು ಇಟ್ಟೆ.

"ಸಾಹೇಬ್ರ, ತಪ್ಪು ನಂದ ಐತ್ರಿ. ಬೂದಿ ಕೈಲೆ ಮುಟ್ಟೀನಿ. ಸಿಸ್ಟರ್ದು ಏನೂ ಇಲ್ಲ."

ಡಾಕ್ಟರರು ಅಂಟು ಇದ್ದ ತುಂಡನ್ನು ಬೆಳಕಿಗೆ ಹಿಡಿದರು, ಬರಿಯ ತುಂಡನ್ನೂ ಹಿಡಿದರು.

"ಇದನ್ನ ಯಾರ ಮಾಡಿ ನೋಡಿದ್ರು?"

"ನಾನ."

"ಛಲೋ ಮಾಡೀದಿ." ತುಂಡುಗಳನ್ನು ನನ್ನ ಕಡೆ ಸರಿಸಿದರು. "ಅಂಟು ಹಲ್ಲಿಗೆ ಉಳದಿತ್ತು. ನಾನ ಕೆರೆದು ತಗದೇನಿ, ಮೂರೂ ಮಂದೀದು."

"ಹಂಗಾದ್ರ ನಿಮಗ ಮೊದಲ ಗೊತ್ತಿತ್ತು."

ಅವರು ಕನ್ನಡಕ ತೆಗೆದು ಒರೆಸಿದರು. ಒರೆಸಿದ್ದನ್ನೇ ಮತ್ತೆ ಒರೆಸಿದರು.

"ಅವತ್ತ ಬಾಗಲದಾಗ ಎಷ್ಟ ಮಂದಿ ನಿಂತಿದ್ರು ನಿನಗ ಗೊತ್ತಿಲ್ಲ ಆಯಿ. ಅವ್ರಿಗೆ ಲೋಹ, ಅಂಟು ಅಂತ ತಿಳಿಸಿ ಹೇಳಾಕ ಆಗತಿತ್ತೇನು?"

"ಆಕಿನ್ನ ತೋರಸಾಕ ಆತಲ್ರಿ."

"ಈಗ ತಿರಗಿ ಕರದ್ರ ನಾ ಸುಳ್ಳ ಹೇಳಿದೆ ಅಂತಾಗತೈತಿ. ದವಾಖಾನಿ ಮುಚ್ಚಬೇಕಾಗತೈತಿ. ನಿನ್ನ ಬಸ್ಸಿನ ಹೊತ್ತಾತು, ಹೋಗು."

ನಾನು ಮಾಡಿದ್ದು ತಿಳಿಗೇಡಿತನ. ಇವರಿಬ್ಬರು ಮಾಡಿದ್ದು ತಿಳಿದು ಮಾಡಿದ್ದು. ಎರಡು ವಾರದ ಮಟ್ಟಿಗೆ ನಾನೂ ಅವರ ಸಾಲಿನಲ್ಲಿಯೇ ಇದ್ದೆ. ಈಗ ಇದನ್ನು ತೂಗಿ ನೋಡುವುದರಿಂದ ಯಾರಿಗೂ ಏನೂ ಸಿಗುವುದಿಲ್ಲ.

ಮಾರನೆಯ ದಿನ ಲ್ಯಾಬಿಗೆ ಹೋಗದೆ ಬೀಳಗಿಯ ಬಸ್ಸು ಹತ್ತಿದೆ. ಹಿನ್ನೀರಿಗೆ ಊರು ಹೋದವರಿಗೆ ಕಟ್ಟಿಸಿದ ಮನೆಗಳ ಸಾಲಿನಲ್ಲಿ ಅವಳದು ಕೊನೆಯ ಮನೆ. ಅತ್ತೆ ಬಾಗಿಲ ಬಳಿ ಹೊರಸಿನ ಮೇಲೆ ಮಲಗಿದ್ದಳು. ಮೈ ಅರ್ಧ ಸತ್ತಿತ್ತು, ಬಾಯಿ ಮಾತ್ರ ಪೂರಾ ಇತ್ತು.

"ಯಾರ ಬೇ?"

"ಜಮಖಂಡಿಯಿಂದ ಬಂದೀನಿ. ನಿನ್ನ ಸೊಸಿ ಕೂಡ ಮಾತಾಡಬೇಕು."

"ಕೆಲಸಾ ಕೊಡಾಕ ಬಂದಿಯೇನು? ಉಗುಳು ಒರಸಾಕ ಬರಂಗಿಲ್ಲ ನೋಡ ಮತ್ತ ಆಕಿಗೆ."

ಸಿಸ್ಟರ್ ಒಳಗಿನಿಂದ ಬಂದಳು. ತೆಳ್ಳಗಾಗಿದ್ದಳು. ನಾನು ನಿಂತೇ ಹೇಳಿದೆ. ಬೂದಿ, ಚಿಮಟ, ಕೆಟ್ಟ ಹಬೆ ಯಂತ್ರ, ಎರಡು ತುಂಡು, ಮಾಲಕ, ಡಾಕ್ಟರು, ಎಲ್ಲ. ಆಕೆ ಬೂದಿಯ ತುಂಡನ್ನು ತೆಗೆದುಕೊಂಡು, ಅಂಟು ಎದ್ದುಹೋದ ಜಾಗದ ಮೇಲೆ ಉಗುರು ಆಡಿಸಿದಳು.

"ನನ್ನ ಹತ್ತಿ ಒಣಗೇ ಇತ್ತು," ಎಂದಳು.

"ಇತ್ತು."

"ಡಾಕ್ಟ್ರಿಗೆ ಗೊತ್ತಿತ್ತು."

"ಗೊತ್ತಿತ್ತು."

"ನೀ ಎಂದ ತಿಳಕೊಂಡಿ?"

ಸುಳ್ಳು ಹೇಳಬಹುದಿತ್ತು. "ಮೂರು ವಾರಾತು," ಎಂದೆ.

ಆಕೆ ನನ್ನ ಮುಖ ನೋಡಿದಳು. ರೋಗಿಗೆ ಎಷ್ಟು ಸುರುಳಿ ಬೇಕು ಎಂದು ಅಳೆಯುವಾಗ ನೋಡುತ್ತಿದ್ದ ಹಾಗೆಯೇ. ಆಮೇಲೆ ಒಳಗೆ ಹೋಗಿ ಒಂದು ಹಾಳೆ, ಒಂದು ಬಾಲ್‌ಪೆನ್ ತಂದು ನನ್ನ ಮುಂದೆ ಇಟ್ಟಳು.

"ಬರದ ಕೊಡು."

"ನನಗ ನೆಟ್ಟಗ ಬರಿಯಾಕ ಬರೂದಿಲ್ಲ."

"ಹೆಂಗ ಬರತೈತಿ ಹಂಗ ಬರಿ. ನೀನ ಬರಿ."

ಬರೆದೆ. ಮೂರು ಸಾಲು ಬರೆಯಲು ಒಂದು ಹಾಸಿನ ಅಂಚು ಕೆಚ್ಚುವಷ್ಟು ಹೊತ್ತು ಹಿಡಿಯಿತು. ಮುಧೋಳದಲ್ಲಿ ಹಲ್ಲು ಕಳಚಿದ್ದು ಹತ್ತಿ ಒದ್ದೆಯಾಗಿ ಅಲ್ಲ. ನಾನು ಬೂದಿ ಕೈಯಿಂದ ಮುಟ್ಟಿದ್ದಕ್ಕೆ. ಇವಳ ತಪ್ಪಿಲ್ಲ. ಕೆಳಗೆ ಹೆಸರು ಬರೆದೆ.

"ಸಹಿ ಯಾರರ ಮಾಡ್ತಾರ. ಹೆಬ್ಬಟ್ಟು ಒತ್ತು," ಎಂದಳು. ನನ್ನ ಹೆಬ್ಬೆರಳಿಗೆ ಪೆನ್ನಿನ ಶಾಯಿ ತಿಕ್ಕಿ, ತಾನೇ ಹಿಡಿದು ಹಾಳೆಯ ಮೇಲೆ ಒತ್ತಿದಳು. ಎತ್ತಿ ನೋಡಿದರೆ ಒಂದು ನೀಲಿ ಕಲೆ. ಗೆರೆಯಿಲ್ಲ, ಸುಳಿಯಿಲ್ಲ.

"ಇದರಾಗೂ ಏನೂ ಹಿಡದಿಲ್ಲ ನೋಡು," ಎಂದಳು.

ಆಮೇಲೆ ಹೊರಸಿನ ಬಳಿ ನಿಂತು ಆ ಮೂರು ಸಾಲನ್ನು ಅತ್ತೆಗೆ ಗಟ್ಟಿಯಾಗಿ ಓದಿ ಹೇಳಿದಳು. ಎರಡು ಸಲ ಓದಿದಳು. ಅತ್ತೆ ಎಲ್ಲ ಕೇಳಿಸಿಕೊಂಡು, "ಮತ್ತ ಕೆಲಸಕ್ಕ ಎಂದಿಂದ ಹೋಗ್ತಿ?" ಎಂದು ಕೇಳಿದಳು.

ಸಿಸ್ಟರ್ ಹಾಳೆ ಮಡಚಿದಳು. ತುಂಡುಗಳನ್ನು ವಾಪಸ್ಸು ಕೊಡಲಿಲ್ಲ. ಚಹಾ ಕುಡಿ ಎನ್ನಲಿಲ್ಲ. ನಾನು ಮೂರು ತಾಸು ನಿಲ್ದಾಣದಲ್ಲಿ ಕೂತು ಬಸ್ಸು ಹಿಡಿದೆ.

ಲ್ಯಾಬಿನಲ್ಲಿ ಮಾಲಕ ಬಾಗಿಲಲ್ಲಿಯೇ ನನ್ನ ಚೀಲ ಕೊಟ್ಟ. ಡಾಕ್ಟರರು ಫೋನು ಮಾಡಿದ್ದರಂತೆ, ಇನ್ನು ಬರಬೇಡ ಎಂದ. ಬನಹಟ್ಟಿಯಲ್ಲಿ ಇನ್ನೂ ನಾಲ್ಕೈದು ಕೈಮಗ್ಗದವರು ಇದ್ದಾರೆ, ಅವರ ಹಾಸು ಸಣ್ಣದು, ಅದಕ್ಕೆ ಯಂತ್ರದವರು ಬರುವುದಿಲ್ಲ. ಅದನ್ನು ಕೆಚ್ಚುತ್ತೇನೆ. ಕೆಮ್ಮು ಇದೆ. ಆ ಬಿಳಿ ಉಸುಕಿನದು ಎನ್ನುತ್ತಾರೆ.

ಸಿಸ್ಟರ್ ಆ ಹಾಳೆ ಹಿಡಿದುಕೊಂಡು ಜಮಖಂಡಿಗೆ ಹೋದಳು, ರಬಕವಿಗೆ ಹೋದಳು. ಹಲ್ಲಿನ ಡಾಕ್ಟರರು ಓದಿ ವಾಪಸ್ಸು ಕೊಟ್ಟರಂತೆ. ಬರೆದವಳು ಯಾರು ಎಂದು ಕೆಲವರು ಕೇಳಿದರಂತೆ. ಒಬ್ಬರೂ ಕೆಲಸ ಕೊಡಲಿಲ್ಲ.

ಈ ವರ್ಷ ಕಬ್ಬಿನ ದಿನಗಳಲ್ಲಿ ಮಹಾಲಿಂಗಪುರದ ಬಸ್ ನಿಲ್ದಾಣದಲ್ಲಿ ಆಕೆಯನ್ನು ನೋಡಿದೆ. ಹತ್ತಿರದ ಗಾಣದಲ್ಲಿ ಬೆಲ್ಲದ ಪೆಂಟೆ, ಎಂದರೆ ಆರಿದ ದೊಡ್ಡ ಮುದ್ದೆ, ಅಚ್ಚಿನ ಬಟ್ಟೆಯಿಂದ ಬಿಡಿಸುವ ಕೆಲಸಕ್ಕೆ ಬರುತ್ತಾಳಂತೆ. ಸೀರೆಯ ತುಂಬ ನೊಣ. ನನ್ನನ್ನು ಕಂಡು ಬೇರೆ ಕಡೆ ಹೋಗಲಿಲ್ಲ, ಹತ್ತಿರವೂ ಬರಲಿಲ್ಲ. ನಾನೇ ಹೋಗಿ ಪಕ್ಕದಲ್ಲಿ ನಿಂತೆ.

"ಅತ್ತಿ ಹೆಂಗದಾಳ?"

"ಅದಾಳ."

ಬಸ್ಸಿನ ಹೊತ್ತಾಯಿತು. ಅವಳು ಚೀಲದ ಬಾಯಿ ಬಿಚ್ಚಲು ನೋಡಿದಳು, ಬೆಲ್ಲದ ಜಿಗಿಗೆ ಬೆರಳುಗಳು ಒಂದಕ್ಕೊಂದು ಹತ್ತಿಕೊಂಡಿದ್ದವು. ನಿಲ್ದಾಣದ ನಲ್ಲಿಯಲ್ಲಿ ನೀರಿರಲಿಲ್ಲ. ನನ್ನ ಸೊಂಟದ ಕಡೆ ನೋಡಿದಳು.

"ಆ ಡಬ್ಬಿ ಇನ್ನೂ ಐತೇನು?"

"ಐತಿ."

"ಕೊಡಿಲ್ಲೆ."

ತೆಗೆದು ಕೊಟ್ಟೆ. ಚಿಟಿಕೆ ಬೂದಿ ಅಂಗೈಗೆ ಹಾಕಿಕೊಂಡು ಎರಡೂ ಕೈ ತಿಕ್ಕಿದಳು. ಬೆರಳುಗಳ ಸಂದಿಯಲ್ಲಿ, ಉಗುರಿನ ಬುಡದಲ್ಲಿ ತಿಕ್ಕಿದಳು. ಜಿಗಿ ಉರುಳಿ ಉರುಳಿ ಕರಿ ಎಳೆಯಾಗಿ ನೆಲಕ್ಕೆ ಬಿತ್ತು. ಕೈ ಬಿಟ್ಟುಕೊಂಡ ಮೇಲೆ ಡಬ್ಬಿಯ ಮುಚ್ಚಳ ಒತ್ತಿ ನನಗೆ ವಾಪಸ್ಸು ಕೊಟ್ಟು, ಬೀಳಗಿಯ ಬಸ್ಸು ಹತ್ತಿದಳು.